ತಿಕೋಟಾದ ಒಣದ್ರಾಕ್ಷಿ ಮತ್ತು ಎರಡು 14ನೇ ನಮೂದುಗಳು

‘ಆ ಡಬ್ಲ್ಯೂಟಿಒದವ್ರು ನಮ್ಮ ಕುತ್ತಿಗಿ ಹಿಚುಕಾಕತ್ತಾರ ನೋಡ್ರಿ’ ಎಂದು ವಿಜಯಪುರ ಜಿಲ್ಲೆಯ ತಿಕೋಟಾದ ಒಣದ್ರಾಕ್ಷಿ ಶೆಡ್ಡೊಂದರ ಮುಂದೆ ಹಿರಿಯರೊಬ್ಬರು ಹೇಳುತ್ತಿದ್ದರು. ‘ಹೌದ್ರಿ ಕಾಕಾ, ಡಂಕೆಲ್ ಬಂದಾಗಿಂದನ ಶುರು ಆತು’ ಎಂದು ಜೊತೆಗಿದ್ದ ಹುಡುಗ ದನಿಗೂಡಿಸಿದ. ಅಫ್ಘಾನಿಸ್ತಾನದ ಮಾಲು ಅಗ್ಗಕ್ಕೆ ಬಂದು ಮಹಾರಾಷ್ಟ್ರದ ತಾಸಗಾಂವದ ಲಿಲಾವಿನಲ್ಲಿ ತಮ್ಮ ದರ ಕುಸಿಯುತ್ತದೆ ಎಂಬುದು ಅವರ ಸಂಕಟ. ಸಂಕಟದ ಬಗ್ಗೆ ನನ್ನ ತಕರಾರಿಲ್ಲ, ಆರೋಪಿಯ ಬಗ್ಗೆ ಇದೆ.

ಡಬ್ಲ್ಯೂಟಿಒಗೆ ಬುನಾದಿಯಾದ ಡಂಕೆಲ್ ಕರಡಿನ ಹೆಸರು ಕೇಳಿದರೆ ನಾನು ರೇಗುವುದು ಹಳೆಯ ಓದುಗರಿಗೆ ಗೊತ್ತು. 1993ರಲ್ಲಿ ರೈತ ಮುಖಂಡ ನಂಜುಂಡಸ್ವಾಮಿಯವರು ಆ ಕರಡನ್ನು ಓದಿ ಜಗಳಕ್ಕಿಳಿದರು. ಈಗಿನ ವಿಚಾರಸಂಕಿರಣದ ಭಾಷಣಕಾರರಿಗೆ ಓದುವ ತೊಂದರೆಯೇ ಬೇಡ. ವಿಶ್ವ ವ್ಯಾಪಾರ ಸಂಘಟನೆಯ (ಡಬ್ಲ್ಯೂಟಿಒ) ನೆಲೆಯಾದ ಜಿನೀವಾ ನಿರಪರಾಧಿಯೇನಲ್ಲ: ಅಲ್ಲಿ ನಾವು 1999ರಲ್ಲಿ ವ್ಯಾಜ್ಯ ಸೋತದ್ದರಿಂದಲೇ 2001ರ ಏಪ್ರಿಲ್ 1ರಂದು ಕೊನೆಯ 715 ಸರಕುಗಳ ಆಮದು ನಿರ್ಬಂಧ ತೆಗೆಯಬೇಕಾಯಿತು. ಆದರೆ ಸುಂಕ ಹಾಕುವುದನ್ನು ಅದು ತಡೆಯಲಿಲ್ಲ. ಕೃಷಿ ಸರಕಿಗೆ ನಾವು ಅಲ್ಲಿ ಒಪ್ಪಿದ ಮೇಲ್ಮಿತಿಯ ಸರಾಸರಿಯೇ ಶೇ. 113ರ ಆಸುಪಾಸು.

ಹಾಗಾದರೆ ಬಾಗಿಲು ತೆರೆದವರು ಯಾರು? ನಾವೇ. 2011ರ ನವೆಂಬರಿನಲ್ಲಿ ಮಾಲ್ಡೀವ್ಸಿನ ಸಾರ್ಕ್ ಸಮ್ಮೇಳನದಲ್ಲಿ ಪ್ರಧಾನಿ ಮನಮೋಹನ ಸಿಂಗ್, ಅತಿ ಹಿಂದುಳಿದ ಸದಸ್ಯ ದೇಶಗಳಿಗೆ ಅನ್ವಯಿಸುವ, ಸುಂಕ ರಿಯಾಯಿತಿ ಸಿಗದ ಸರಕುಗಳ ‘ಸೂಕ್ಷ್ಮ ಪಟ್ಟಿ’ಯನ್ನು 480 ಸರಕುಗಳಿಂದ 25ಕ್ಕೆ ಇಳಿಸುವುದಾಗಿ ಘೋಷಿಸಿದರು. ಉಳಿದದ್ದಕ್ಕೆಲ್ಲ ಸುಂಕ ಸೊನ್ನೆ. ಅಫ್ಘಾನಿಸ್ತಾನ ಆ ಸಾಲಿನಲ್ಲಿತ್ತು. ಇದನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ. ನೆರೆಹೊರೆಯ ರಾಜತಾಂತ್ರಿಕತೆಗಾಗಿ ದೆಹಲಿ ತನ್ನ ಸಾರ್ವಭೌಮತ್ವವನ್ನು ಚಲಾಯಿಸಿತು.

ಇಲ್ಲಿಗೆ ಬಂದಾಗ ನನ್ನ ಪ್ರಶ್ನೆಯೇ ಬೇರೆಯಾಯಿತು. ದೆಹಲಿ ಮತ್ತು ಜಿನೀವಾದ ನಡುವಿನ ತಗಾದೆ ಇದಲ್ಲ, ತಿಕೋಟಾ ಮತ್ತು ದೆಹಲಿಯದು. ಸಂವಿಧಾನದ ಏಳನೇ ಅನುಸೂಚಿ ತೆರೆಯಿರಿ. ರಾಜ್ಯಪಟ್ಟಿಯ 14ನೇ ನಮೂದು ಕೃಷಿ. ಕೇಂದ್ರಪಟ್ಟಿಯ 14ನೇ ನಮೂದು ವಿದೇಶಗಳೊಡನೆ ಒಪ್ಪಂದ. ಎರಡೂ ಡಿಕ್ಕಿ ಹೊಡೆದರೆ 253ನೇ ವಿಧಿ ಸಂಸತ್ತಿನ ಪರ ನಿಲ್ಲುತ್ತದೆ. ವಿಚಿತ್ರವೆಂದರೆ ಬ್ರಿಟಿಷರ 1935ರ ಕಾಯ್ದೆ ಇಷ್ಟು ಧಾರಾಳವಾಗಿರಲಿಲ್ಲ. ಒಪ್ಪಂದದ ಕಾರಣವೊಂದನ್ನೇ ಮುಂದಿಟ್ಟು ಪ್ರಾಂತ್ಯದ ವಿಷಯದಲ್ಲಿ ಕಾನೂನು ಮಾಡಲು ಗವರ್ನರರ ಪೂರ್ವಾನುಮತಿ ಬೇಕೆಂದು ಅದರ 106ನೇ ಕಲಮು ಹೇಳಿತ್ತು. 1937ರಲ್ಲಿ ಪ್ರಿವಿ ಕೌನ್ಸಿಲ್ ಕೆನಡಾದ ಪ್ರಾಂತ್ಯಗಳ ಅಧಿಕಾರವನ್ನು ಇದೇ ಬಗೆಯಲ್ಲಿ ಎತ್ತಿಹಿಡಿಯಿತು. ಮುಂದೆ ಯುರೋಪ್ ಒಕ್ಕೂಟದೊಡನೆ ಕೆನಡಾ ವ್ಯಾಪಾರ ಒಪ್ಪಂದದ ಮಾತುಕತೆಗೆ ಕುಳಿತಾಗ ಪ್ರಾಂತ್ಯಗಳ ಪ್ರತಿನಿಧಿಗಳೂ ಇದ್ದರು. ಆಚೆ ದಡದಲ್ಲಿ 36 ಲಕ್ಷ ಜನರ ವಲೋನಿಯಾ, ಬೆಲ್ಜಿಯಂನ ಒಂದು ಪ್ರಾಂತ್ಯ, ಅದೇ ಒಪ್ಪಂದವನ್ನು 2016ರ ಅಕ್ಟೋಬರಿನಲ್ಲಿ ತಡೆದು ನಿಲ್ಲಿಸಿತು. ವಿಜಯಪುರ ಜಿಲ್ಲೆಯೊಂದರಲ್ಲೇ 2011ರ ಗಣತಿಗೆ ಸುಮಾರು 22 ಲಕ್ಷ ಜನ.

ಇಷ್ಟು ಬರೆದ ಮೇಲೆ ಹೇಳಲೇಬೇಕಾದದ್ದು: ಒಣದ್ರಾಕ್ಷಿಗೆ 253ರ ಅಗತ್ಯವೂ ಬೀಳಲಿಲ್ಲ. ಆಮದು ಸುಂಕ ಪೂರ್ತಿ ಕೇಂದ್ರದ್ದು. ಕಸ್ಟಮ್ಸ್ ಕಾಯ್ದೆಯ 25ನೇ ಕಲಮಿನಡಿ ಒಂದು ಅಧಿಸೂಚನೆ ಹೊರಡಿಸಿದರೆ ಕೆಲಸ ಮುಗಿಯಿತು. ವಿಧಾನಸೌಧದ ಮಾತಿರಲಿ, ಲೋಕಸಭೆಯಲ್ಲೂ ಅದಕ್ಕೆ ಮೊದಲು ಚರ್ಚೆ ಕಡ್ಡಾಯವಲ್ಲ. ನಮ್ಮವರೇ ಆದ ವೆಂಕಟಾಚಲಯ್ಯನವರ ಆಯೋಗ 2002ರಲ್ಲಿ ಒಪ್ಪಂದಗಳ ವಿಷಯದಲ್ಲಿ ಸಂಸತ್ತು ಕಾನೂನು ಮಾಡಲಿ ಎಂದಿತು. 2010ರಲ್ಲಿ ಪುಂಛಿ ಆಯೋಗ, ರಾಜ್ಯಪಟ್ಟಿಗೆ ತಾಗುವ ಒಪ್ಪಂದಗಳಲ್ಲಿ ರಾಜ್ಯಗಳನ್ನು ಕೇಳಿ ಎಂದಿತು.

ಕೇಳಿದ್ದರೆ ಒಣದ್ರಾಕ್ಷಿ ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಕಾಬೂಲಿನ ಸ್ನೇಹವೇ ಮುಖ್ಯವೆಂದು ದೆಹಲಿ ವಾದಿಸಬಹುದಿತ್ತು, ಆ ವಾದದಲ್ಲಿ ತೂಕವೂ ಇದೆ. ಅಲ್ಲಿ ಬೆಳೆಯುವವನೂ ರೈತನೇ. ಆದರೆ ತಿಕೋಟಾದ ಕಾಕಾ ಮನವಿ ಬರೆಯುವುದಾದರೆ ಜಿನೀವಾಕ್ಕೆ ಬೇಡ, ವಾಣಿಜ್ಯ ಸಚಿವಾಲಯಕ್ಕೊಂದೇ ಸಾಲದು. ವಿದೇಶಾಂಗ ಸಚಿವಾಲಯಕ್ಕೂ ಒಂದು ಪ್ರತಿ ಹಾಕಲಿ.