ಹಳೆಯ ಕಾರಿನ ಕಾಣದ ಹೊಗೆ

ವಾಹನದ ಮಾಲಿನ್ಯವೆಂದರೆ ಸೈಲೆನ್ಸರಿನ ಹೊಗೆ ಮಾತ್ರವೆಂಬುದು ರೂಢಿಯ ತಿಳಿವಳಿಕೆ. ಆದರೆ ಎಂಜಿನ್ನಿನ ಅನಿಲದ ಒಂದಂಶ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ, ಆಯಿಲ್ ಇರುವ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಹಿಂದೆ ಈ ವಿಷಾನಿಲವನ್ನು ನೇರವಾಗಿ ಗಾಳಿಗೆ ಬಿಡಲಾಗುತ್ತಿತ್ತು. ಅದನ್ನು ಮರಳಿ ಎಂಜಿನ್ನಿಗೇ ಎಳೆದು ಸುಡುವ ಪಿ.ಸಿ.ವಿ. ವ್ಯವಸ್ಥೆಯು 1961ರ ಮಾದರಿಯ ಕಾರುಗಳಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದಿತು.

ಈ ವ್ಯವಸ್ಥೆಯ ಪುಟ್ಟ ವಾಲ್ವ್ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಸೀಲುಗಳಿಂದ ಆಯಿಲ್ ಜಿನುಗುತ್ತದೆ. ಮಲೆನಾಡಿನ ಚಳಿಯಲ್ಲಿ ಮನೆಯಿಂದ ಪೇಟೆಗಷ್ಟೇ ಓಡುವ ಕಾರಿನ ಎಂಜಿನ್ ಪೂರ್ಣ ಕಾಯುವುದಿಲ್ಲ. ಒಳಗೆ ತಂಗಿದ ನೀರಾವಿ ಆಯಿಲಿನೊಡನೆ ಬೆರೆತು ಜಿಡ್ಡಾಗುತ್ತದೆ. ಅಂಗಳದಲ್ಲಿ ತೊಟ್ಟಿಕ್ಕಿದ ಆಯಿಲ್ ಮಳೆಗಾಲದಲ್ಲಿ ಹಳ್ಳದ ಪಾಲು. ಸೈಲೆನ್ಸರಿನ ತುದಿಯನ್ನಷ್ಟೇ ಅಳೆಯುವ ಹೊಗೆ ತಪಾಸಣೆ ಇದನ್ನು ಗುರುತಿಸದು.

ಇದರ ದುರಸ್ತಿ ಮನೆಯಲ್ಲೇ ಸಾಧ್ಯ. ಎಂಜಿನ್ ತಣಿದ ಮೇಲೆ ವಾಲ್ವ್ ಕಳಚಿ ಅಲುಗಿಸಿದರೆ ಕಟಕಟ ಸದ್ದು ಬರಬೇಕು. ಬಾರದಿದ್ದರೆ ಕಾರ್ಬುರೇಟರ್ ಕ್ಲೀನರ್‌ನಿಂದ ತೊಳೆಯಬೇಕು. ಆಗಲೂ ಬಾರದಿದ್ದರೆ ಬದಲಿಸಬೇಕು. ಬಿರುಕುಬಿಟ್ಟ ರಬ್ಬರ್ ಪೈಪನ್ನೂ ಉಳಿಸಬಾರದು. ತೊಳೆದ ಕೊಳೆಯನ್ನು ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಒಪ್ಪಿಸಬೇಕೇ ಹೊರತು ಗಿಡದ ಬುಡಕ್ಕೆ ಸುರಿಯಬಾರದು.

ಹಳೆಯದನ್ನು ಗುಜರಿಗೆ ಹಾಕಿ ಹೊಸ ಕಾರು ಕೊಳ್ಳುವುದೇ ಪರಿಸರಪ್ರೇಮವೆಂಬ ವಾದವುಂಟು. ಹೊಸ ಕಾರಿಗೂ ಉಕ್ಕು ಬೇಕು, ಉಕ್ಕಿಗೆ ಅದಿರು ಬೇಕು. ಅದಿರಿಗಾಗಿ ಗುಡ್ಡ ಕರಗುವುದನ್ನು ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಕಂಡ ಮಲೆನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇರುವ ಕಾರನ್ನು ಶುಚಿಯಾಗಿಟ್ಟು, ಕಡಿಮೆ ಓಡಿಸಿ, ಬಹುಕಾಲ ಬಾಳಿಸುವುದೂ ಪರಿಸರದ ಕೆಲಸವೇ.