ಕಂದು ಬಣ್ಣ ಮುದಿತನದ ವೇಷವಲ್ಲ

ಕಳೆದ ಜಾತ್ರೆಯ ಹೊತ್ತಿಗೆ ನಮ್ಮ ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡಿತು. ಕಂದು ಬಣ್ಣದ ಕೆರೆ ಏರಿ, ಅದರ ಮೇಲೆ ಎತ್ತಿನಗಾಡಿ. ಕೆಳಗೆ ‘ನೂರು ವರ್ಷದ ಹಿಂದಿನ ನಮ್ಮೂರು’ ಎಂಬ ಬರಹ. ಪೇಪರಿಗೆ ಹಾಕಿ ಎಂದು ನನಗೂ ಕಳಿಸಿದರು. ಹಿಗ್ಗಿಸಿ ನೋಡಿದರೆ ಗಾಡಿಯ ಹಿಂದೆ ಮೊಬೈಲ್ ಟವರ್! ಮೊನ್ನೆ ತೆಗೆದ ಚಿತ್ರಕ್ಕೆ ಯಾರೋ ‘ಸೆಪಿಯಾ’ ಒತ್ತಿದ್ದರು.

ಅದಕ್ಕೆ ನಕ್ಕು ಸುಮ್ಮನಾದೆ. ಆದರೆ ಇನ್ನೊಂದಕ್ಕೆ ನಗಲಾಗಲಿಲ್ಲ. ನಮ್ಮ ಪಡಸಾಲೆಯಲ್ಲಿ ಅಜ್ಜ-ಅಜ್ಜಿಯ ಕಂದು ಫೋಟೊ ಇತ್ತು. ‘ಹೊಸದು ಮಾಡಿಕೊಡ್ತೀವಿ’ ಎಂದ ಸ್ಟುಡಿಯೊಗೆ ಚಿಕ್ಕಪ್ಪ ಕೊಟ್ಟರು. ಅಜ್ಜಿಯ ಸೀರೆಗೆ ಗುಲಾಬಿ ಬಣ್ಣ ಬಳಿದ ಲ್ಯಾಮಿನೇಷನ್ ಬಂತು. ಹಳೇದೆಲ್ಲಿ ಎಂದರೆ, ‘ಮಾಸಿತ್ತಲ್ಲ ಸಾರ್, ಬಿಸಾಕಿದ್ವಿ’ ಎಂದರು.

ಅದು ಮಾಸಿರಲಿಲ್ಲ. ಮಾಸದಿರಲಿ ಎಂದೇ ಅದನ್ನು ಕಂದು ಮಾಡಿದ್ದರು.

ಕಪ್ಪು-ಬಿಳುಪು ಫೋಟೊದಲ್ಲಿ ಕಪ್ಪಾಗಿ ಕಾಣುವುದು ಶಾಯಿಯಲ್ಲ, ಬೆಳ್ಳಿ. ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ ಬೆಳ್ಳಿಯ ಅತಿ ಸಣ್ಣ ಕಣಗಳಿರುತ್ತವೆ. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗುವುದನ್ನು ಯಾರು ನೋಡಿಲ್ಲ? ಗಾಳಿಯಲ್ಲಿರುವ ಗಂಧಕದ ಅನಿಲ ಅದನ್ನು ಹಿಡಿಯುತ್ತದೆ. ಫೋಟೊದ ಬೆಳ್ಳಿಗೂ ಅದೇ ಕಾಟ.

ಡಾರ್ಕ್‌ರೂಮಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಗಾಳಿ ಅಡ್ಡಾದಿಡ್ಡಿ ಮಾಡುವ ಕೆಲಸವನ್ನು ತಾವೇ ಮೊದಲು ಅಚ್ಚುಕಟ್ಟಾಗಿ ಮುಗಿಸುತ್ತಿದ್ದರು. ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಒಮ್ಮೆ ಮಾಡಿ ತೋರಿಸಿದ್ದರು. ಚೆನ್ನಾಗಿ ತೊಳೆದ ಪ್ರಿಂಟನ್ನು ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣದಲ್ಲಿ ಅದ್ದಿದರು. ಕಪ್ಪೆಲ್ಲ ಕರಗಿ ಮಸುಕು ಹಳದಿ ನೆರಳಷ್ಟೇ ಉಳಿಯಿತು. ಮತ್ತೆ ತೊಳೆದು ಸೋಡಿಯಂ ಸಲ್ಫೈಡ್ ಟ್ರೇಗೆ ಹಾಕಿದಾಗ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ನೋಡನೋಡುತ್ತಲೇ ಮುಖಗಳು ಕಂದಾಗಿ ಮರಳಿ ಬಂದವು. ಬೆಳ್ಳಿ ಈಗ ಬೆಳ್ಳಿಯ ಸಲ್ಫೈಡ್ ಆಗಿತ್ತು. ಆಗಲೇ ಗಂಧಕದ ಜೊತೆ ಕೂಡಿದ ಬೆಳ್ಳಿಯನ್ನು ಗಾಳಿ ಇನ್ನೇನು ಕಾಡೀತು?

ಸೆಲೆನಿಯಂ ಟೋನರ್ ಕೂಡ ಚಿತ್ರಕ್ಕೆ ಕಾವಲು. ಅದು ಕಪ್ಪನ್ನು ಇನ್ನಷ್ಟು ಗಾಢವಾಗಿಸುತ್ತದೆ. ಚಿನ್ನದ ಲವಣದ ಟೋನರ್ ತಣ್ಣನೆಯ ನೀಲಿ ಛಾಯೆ ಕೊಡುತ್ತದೆ. ಇವು ಮನೆಯಲ್ಲಿ ಆಡುವ ಆಟವಲ್ಲ. ಸಲ್ಫೈಡಿನಿಂದ ಏಳುವ ಅನಿಲವೂ ಸೆಲೆನಿಯಂ ದ್ರಾವಣವೂ ವಿಷ. ಕೈಗೆ ಗ್ಲೌಸ್ ಬೇಕು, ಕಿಟಕಿ ತೆರೆದಿರಬೇಕು, ಉಳಿದ ನೀರನ್ನು ಚರಂಡಿಗೆ ಸುರಿಯಬಾರದು. ಇಷ್ಟು ಅಪಾಯದ ನಡುವೆ ಯಾರೋ ಉಳಿಸಿಕೊಟ್ಟ ಚಿತ್ರವನ್ನು ‘ಮಾಸಿದ್ದು’ ಎಂದು ಎಸೆಯುವುದು ಯಾವ ನ್ಯಾಯ?

ಎಲ್ಲ ಕಂದೂ ಟೋನಿಂಗ್ ಅಲ್ಲ, ಒಪ್ಪುತ್ತೇನೆ. ಫಿಕ್ಸರ್ ಹೋಗುವಷ್ಟು ತೊಳೆಯದ ಪ್ರಿಂಟೂ ಹಳದಿಗಟ್ಟಿ ಕೆಡುತ್ತದೆ. ಅಲ್ಲಿ ಕಲೆ ತೇಪೆತೇಪೆಯಾಗಿರುತ್ತದೆ, ವಿವರ ಅಳಿಸಿರುತ್ತದೆ. ಟೋನ್ ಮಾಡಿದ್ದರಲ್ಲಿ ಅಂಚಿಗೂ ನಡುವಿಗೂ ಒಂದೇ ಸಮ ಕಂದು. ಬೆಳ್ಳಿ ಇದ್ದಲ್ಲಿ ಮಾತ್ರ ಬಣ್ಣ ಬದಲಾಗುವುದರಿಂದ ಬಿಳಿ ಪಂಚೆ ಕಾಗದದ ಬಿಳಿಯಾಗಿಯೇ ಉಳಿಯುತ್ತದೆ. ಆ್ಯಪಿನ ಸೆಪಿಯಾ ಸಾಮಾನ್ಯವಾಗಿ ಪಂಚೆಯ ಮೇಲೂ ಟೀ ಚೆಲ್ಲುತ್ತದೆ.

‘ಸ್ಟುಡಿಯೊ ಹುಡುಗರ ಹೊಟ್ಟೆಪಾಡು, ಯಾಕೆ ಬೈತೀರಿ?’ ಎನ್ನಬಹುದು. ಹೊಸ ಪ್ರಿಂಟ್ ಮಾಡಿ ದುಡ್ಡು ತೆಗೆದುಕೊಳ್ಳಲಿ. ಆದರೆ ಮೂಲ ಎಸೆಯುವ ಹಕ್ಕು ಅವರಿಗಿಲ್ಲ. ಊರಿನ ಹಳೇ ಮನೆ, ಕೆರೆ, ಮುಖಗಳಿಗೆ ಎಷ್ಟೋ ಕಡೆ ಆ ಒಂದು ಕಾಗದವೇ ಸಾಕ್ಷಿ. ಸಾಕ್ಷಿಯನ್ನು ಕಸಕ್ಕೆ ಹಾಕಿ, ಮೊನ್ನೆಯ ಚಿತ್ರಕ್ಕೆ ಕಂದು ಬಳಿದು ಚರಿತ್ರೆ ಎನ್ನುತ್ತಿದ್ದೇವೆ. ನಾವು ವರದಿಗಾರರೂ ಇದರಲ್ಲಿ ಪಾಲುದಾರರು. ನೆನಪಿನ ಲೇಖನ ಬಂದರೆ ಸಾಕು, ಚಿತ್ರಕ್ಕೆ ಕಂದು ಹಚ್ಚುತ್ತೇವೆ. ನಾನೂ ಹಚ್ಚಿದ್ದೇನೆ. ಇನ್ನು ಹಚ್ಚುವುದಿಲ್ಲ.

ನಿಮ್ಮಲ್ಲಿ ಕೇಳುವುದಿಷ್ಟೇ. ಹಳೇ ಫೋಟೊ ಕೊಡುವಾಗ ‘ಮೂಲ ವಾಪಸ್ ಬೇಕು’ ಎಂದು ಬಿಲ್ಲಿನ ಮೇಲೆ ಬರೆಸಿ. ಬಣ್ಣ ತಿದ್ದದ ಒಂದು ಸ್ಕ್ಯಾನ್ ಇಟ್ಟುಕೊಳ್ಳಿ. ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ಹೆಸರು, ಊರು ಬರೆಯಿರಿ.

ನಮ್ಮ ಅಜ್ಜಿಯ ಫೋಟೊದ ಹಿಂದೆ ಪೆನ್ಸಿಲ್‌ನಲ್ಲಿ ‘ಸೆಪಿಯಾ’ ಎಂದು ಬರೆದಿತ್ತು. ಎಸೆಯುವ ಮುಂಚೆ ಯಾರೂ ತಿರುಗಿಸಿ ನೋಡಲಿಲ್ಲ.