ಹೋಲುವ ಪದಗಳು, ಹೋಲದ ಅರ್ಥಗಳು

ಖಾಫ್ ಮತ್ತು ಕಾಫ್ ಅಕ್ಷರಗಳ ಉಚ್ಚಾರ ಕಲಿಸುವಾಗ ಉಸ್ತಾದರು ಕೊಡುವ ಉದಾಹರಣೆ ನಿಮಗೂ ನೆನಪಿರಬಹುದು. ‘ಖಲ್ಬ್’ ಎಂದರೆ ಹೃದಯ, ‘ಕಲ್ಬ್’ ಎಂದರೆ ನಾಯಿ. ನಾಲಗೆ ಸ್ವಲ್ಪ ಮುಂದೆ ಸರಿದರೆ ಅರ್ಥ ಎಲ್ಲಿಂದೆಲ್ಲಿಗೋ ಹೋಗುತ್ತದೆ.

ಇಂಗ್ಲಿಷಿನಲ್ಲೂ ಇಂತಹ ಜೋಡಿಗಳು ಧಾರಾಳವಾಗಿವೆ. ‘ಪ್ರಿನ್ಸಿಪಲ್’ ಪದದ ಕೊನೆಗೆ ಪಿ-ಎ-ಎಲ್ ಬಂದರೆ ಕಾಲೇಜಿನ ಪ್ರಾಂಶುಪಾಲರು, ಪಿ-ಎಲ್-ಇ ಬಂದರೆ ತತ್ವ. ಇದನ್ನೆಲ್ಲ ಮಕ್ಕಳ ವ್ಯಾಕರಣ ಪುಸ್ತಕವೇ ಹೇಳಿಕೊಡುತ್ತದೆ. ತಪ್ಪಿದರೆ ಹೋಗುವುದು ಅರ್ಧ ಅಂಕ. ಆದರೆ ಔಷಧಿ ಬಾಟಲಿಯ ಮೇಲೆ, ಬ್ಯಾಂಕಿನ ಅರ್ಜಿಯಲ್ಲಿ ಇರುವ ಜೋಡಿಗಳು ಹಾಗಲ್ಲ. ಈ ಬಾರಿ ಅಂತಹ ಕೆಲವನ್ನು ನೋಡೋಣ.

ಮೊದಲು ‘ಟೀ ಸ್ಪೂನ್’ ಮತ್ತು ‘ಟೇಬಲ್ ಸ್ಪೂನ್’. ಟೀ ಸ್ಪೂನ್ ಎಂದರೆ 5 ಮಿಲಿಲೀಟರ್, ಟೇಬಲ್ ಸ್ಪೂನ್ ಎಂದರೆ 15 ಮಿಲಿಲೀಟರ್. ಒಂದಕ್ಕೆ ಮೂರು ಪಟ್ಟು! ಚುಟುಕಾಗಿ ಬರೆಯುವಾಗ ಮೊದಲನೆಯದು ಟಿ-ಎಸ್-ಪಿ, ಎರಡನೆಯದು ಟಿ-ಬಿ-ಎಸ್-ಪಿ. ನಡುವೆ ಒಂದು ‘ಬಿ’ ಇದೆಯೇ ಎಂದು ಕಣ್ಣಿಟ್ಟು ನೋಡಬೇಕು. ಪಾಯಸಕ್ಕೆ ತುಪ್ಪ ಹಾಕುವಾಗ ಇದು ತಪ್ಪಿದರೆ ಯಾರೂ ದೂರುವುದಿಲ್ಲ. ಮಗುವಿನ ಜ್ವರದ ಸಿರಪ್ಪಿನಲ್ಲಿ ತಪ್ಪಿದರೆ ಒಂದು ಹೊತ್ತಿನ ಔಷಧಿಯ ಬದಲು ಮೂರು ಹೊತ್ತಿನದು ಹೊಟ್ಟೆ ಸೇರುತ್ತದೆ. ಅಡುಗೆಮನೆಯ ಚಮಚಗಳಂತೂ ಒಂದರಂತೆ ಇನ್ನೊಂದಿಲ್ಲ. ಔಷಧಿಗೆ ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ.

‘ಇನ್‌ಫ್ಲೇಮಬಲ್’ ಎಂಬುದು ಇನ್ನೊಂದು ಮೋಸದ ಪದ. ‘ಕರೆಕ್ಟ್’ಗೆ ‘ಇನ್’ ಸೇರಿಸಿದರೆ ‘ಇನ್‌ಕರೆಕ್ಟ್’, ಅಂದರೆ ಸರಿಯಲ್ಲ. ಹಾಗಾದರೆ ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹಿಡಿಯದ್ದು ಎಂದುಕೊಳ್ಳಬೇಡಿ. ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡರ ಅರ್ಥವೂ ಒಂದೇ: ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಬಾಡಿ ಸ್ಪ್ರೇ ಮೇಲೆ ಈ ಎರಡರಲ್ಲಿ ಯಾವ ಪದವಿದ್ದರೂ ಅದನ್ನು ಒಲೆಯ ಹತ್ತಿರ ಇಡಬಾರದು.

ಆಹಾರದ ಪೊಟ್ಟಣದ ಮೇಲಿನ ‘ಬೆಸ್ಟ್ ಬಿಫೋರ್’ ದಿನಾಂಕ ರುಚಿ ಮತ್ತು ಗುಣಮಟ್ಟಕ್ಕೆ ಸಂಬಂಧಿಸಿದ್ದು. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನಾಂಕ ದಾಟಿದರೆ ಮಾತ್ರ ತಿನ್ನಲೇಬಾರದು.

ಇನ್ನು ಬ್ಯಾಂಕಿಗೆ ಬರೋಣ. ‘ಲೆಂಡ್’ ಎಂದರೆ ಸಾಲ ಕೊಡುವುದು, ‘ಬಾರೋ’ ಎಂದರೆ ಪಡೆಯುವುದು. ನಮ್ಮಲ್ಲಿ ಕೊಟ್ಟರೂ ಸಾಲ, ತಂದರೂ ಸಾಲ. ಅದಕ್ಕೇ ಈ ಗೊಂದಲ. ಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ‘ಕೋ-ಬಾರೋವರ್’ ಎಂದಿದ್ದರೆ ನೀವೂ ಸಾಲಗಾರರು. ‘ವಿಟ್ನೆಸ್’ ಎಂದಿದ್ದರೆ ಸಹಿಗೆ ಕೇವಲ ಸಾಕ್ಷಿ. ‘ಗ್ಯಾರಂಟರ್’ ಎಂದಿದ್ದರೆ ಜಾಮೀನುದಾರರು. “ಸುಮ್ಮನೆ ಸಾಕ್ಷಿಗೊಂದು ಸೈನ್ ಹಾಕು ತಂಗೀ” ಎನ್ನುತ್ತಾ ಗ್ಯಾರಂಟರ್ ಜಾಗವನ್ನು ತೋರಿಸುವ ಬಂಧುಗಳಿಗೇನೂ ಕೊರತೆಯಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಅವನು ಕಟ್ಟದಿದ್ದರೆ ನೋಟಿಸು ನಿಮ್ಮ ಮನೆಗೂ ಬರುತ್ತದೆ.

ಕೊನೆಯದು ‘ನಾಮಿನಿ’ ಮತ್ತು ‘ಲೀಗಲ್ ಹೇರ್’. ಹೇರ್ ಎಂಬಲ್ಲಿ ಎಚ್ ಅಕ್ಷರವನ್ನು ಉಚ್ಚರಿಸುವುದಿಲ್ಲ. ‘ಏರ್’ ಎಂದೇ ಹೇಳಬೇಕು. ಅರ್ಥ, ವಾರಸುದಾರ. ನಾಮಿನಿಯೇ ಹಣದ ಒಡೆಯನೆಂದು ಬಹಳ ಮನೆಗಳಲ್ಲಿ ನಂಬಿದ್ದಾರೆ. ಆದರೆ ಠೇವಣಿದಾರರು ತೀರಿಕೊಂಡಾಗ ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರವಷ್ಟೇ ನಾಮಿನಿಗೆ ಇರುವುದು. ಅದರಿಂದ ವಾರಸುದಾರರ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಜೀವವಿಮೆಯ ವಿಷಯ ಸ್ವಲ್ಪ ಬೇರೆ. 2015ರ ತಿದ್ದುಪಡಿಯ ನಂತರ, ಪಾಲಿಸಿದಾರರು ತಮ್ಮ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಸಾಮಾನ್ಯವಾಗಿ ಆ ಹಣ ಅವರದ್ದೇ ಆಗುತ್ತದೆ. ಹಾಗಾಗಿ ಗಂಡ ತೀರಿಕೊಂಡ ಸಹೋದರಿಯೊಬ್ಬಳಿಗೆ “ಬ್ಯಾಂಕಿನಲ್ಲಿ ನಾಮಿನಿ ಮೈದುನ, ನಿನಗೇನೂ ಇಲ್ಲ” ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ವಾರಸುದಾರಳಾಗಿ ಅವಳ ಪಾಲು ಅವಳಿಗಿದೆ.

ಮುಂದಿನ ತಿಂಗಳು ಪಾಸ್‌ಪೋರ್ಟ್ ಅರ್ಜಿಯ ‘ಗಿವನ್ ನೇಮ್’ ಮತ್ತು ‘ಸರ್‌ನೇಮ್’ಗಳನ್ನು ನೋಡೋಣ.